ಹೆಣ್ಣು ಕರುವಿನ ಕಡ್ಡಿ, ಸಗಣಿ ಗ್ಯಾಸಿನ ಒಲೆ: ಎರಡು ಹಸು ಕಟ್ಟಿದ ಮನೆಗೆ ಎಷ್ಟು ಗಿಟ್ಟುತ್ತೆ?

ಬೆಳಗ್ಗೆ ಡೇರಿ ಮುಂದೆ ಕ್ಯಾನ್ ಹಿಡಿದು ನಿಂತವರ ಬಾಯಲ್ಲಿ ಈಗ ಎರಡು ಪ್ರಶ್ನೆ. 'ಹೆಣ್ಣು ಕರುವೇ ಹುಟ್ಟೋ ಇಂಜೆಕ್ಷನ್ ಬಂದಿದೆಯಂತಲ್ಲ, ಹಾಕಿಸಬಹುದಾ?' ಅನ್ನೋದು ಒಂದು. 'ಸಿಲಿಂಡರ್ ರೇಟು ನೋಡಿದ್ರೆ ಹಳೇ ಗೋಬರ್ ಗ್ಯಾಸೇ ವಾಸಿ, ಮತ್ತೆ ಕಟ್ಟಿಸಿದ್ರೆ ಹೇಗೆ?' ಅನ್ನೋದು ಇನ್ನೊಂದು. ಕೇಳೋದಕ್ಕೆ ಎರಡಕ್ಕೂ ಸಂಬಂಧ ಇಲ್ಲ ಅನ್ನಿಸುತ್ತೆ. ಆದರೆ ಎರಡೂ ಒಂದೇ ಕೊಟ್ಟಿಗೆಯ ಲೆಕ್ಕ. ಹಸುವಿನ ತಳಿ ಬದಲಾದಾಗ ಹಾಲು ಮಾತ್ರ ಬದಲಾಗಲಿಲ್ಲ, ಸಗಣಿಯ ಲೆಕ್ಕವೂ ಬದಲಾಯಿತು. ಇದನ್ನು ಅರ್ಥ ಮಾಡಿಕೊಳ್ಳೋಕೆ ತುಮಕೂರು ಜಿಲ್ಲೆಯವರು ದೂರ ಹೋಗಬೇಕಿಲ್ಲ, ಕುಣಿಗಲ್ ತಾಲ್ಲೂಕಿನ ಪುರ ಎಂಬ ಊರಿನಲ್ಲೇ ಅದರ ಪಾಠ ಇದೆ. ಅದಕ್ಕೆ ಮೊದಲು ಹೆಣ್ಣು ಕರುವಿನ ವಿಷಯ.

ಇದು ಹಸು ಕಟ್ಟಿದವರ ಮನೆಯ ವಿಷಯ ಮಾತ್ರವೂ ಅಲ್ಲ. ಹಾಲಿನ ಬಟವಾಡೆ ಆದ ದಿನ ಪೇಟೆಯ ದಿನಸಿ ಅಂಗಡಿಯಲ್ಲಿ, ಬೂಸಾ ಅಂಗಡಿಯಲ್ಲಿ, ಮೆಡಿಕಲ್ ಸ್ಟೋರಿನಲ್ಲಿ ಹಳೇ ಬಾಕಿ ತೀರುತ್ತೆ. ಹಸು ಗಬ್ಬ ನಿಲ್ಲದೆ ಮೂರು ತಿಂಗಳು ತಳ್ಳಿದರೆ ಆ ಮನೆಯ ಅಂಗಡಿ ಲೆಕ್ಕವೂ ಮೂರು ತಿಂಗಳು ತಳ್ಳುತ್ತೆ.

ಗಂಡು ಕರು ಯಾಕೆ ಬೇಡ?

ಹಿಂದೆ ಹಳ್ಳಿಕಾರ್ ಹಸುವಿಗೆ ಗಂಡು ಕರು ಹುಟ್ಟಿದರೆ ಮನೆಯಲ್ಲಿ ಸಂತೋಷ. ಎರಡು ಹಲ್ಲು ಬರುವ ಹೊತ್ತಿಗೆ ಜಾತ್ರೆಯಲ್ಲಿ ಜೋಡಿಗೆ ಒಳ್ಳೇ ಬೆಲೆ. ಸೀಮೆಹಸುವಿನ ಗಂಡು ಕರುವಿಗೆ ಆ ಯೋಗ ಇಲ್ಲ. ಹಿಣಿಲು ಸರಿಯಾಗಿ ಬೆಳೆಯದ್ದರಿಂದ ನೊಗ ನಿಲ್ಲೋದಿಲ್ಲ, ಬಿಸಿಲು ತಡೆಯೋದಿಲ್ಲ, ಮೇಲಾಗಿ ಊರಲ್ಲಿ ಉಳುಮೆಗೆ ಟ್ರ್ಯಾಕ್ಟರ್ ಬಂದಾಗಿದೆ. 2020ರ ಜಾನುವಾರು ಹತ್ಯೆ ನಿಷೇಧ ಕಾಯ್ದೆ ಬಂದ ಮೇಲೆ ಹಸು, ಎತ್ತು, ಕರು ಯಾವುದನ್ನೂ ಕಸಾಯಿಖಾನೆಗೆ ಕೊಡುವಂತಿಲ್ಲ. ಕಾಯ್ದೆ ಸರಿಯೋ ತಪ್ಪೋ ಅನ್ನೋ ಚರ್ಚೆ ಬೇರೆ. ಆದರೆ ಗಂಡು ಕರುವಿಗೆ ಗಿರಾಕಿ ಇಲ್ಲ ಅನ್ನೋದು ಪ್ರತಿ ಕೊಟ್ಟಿಗೆಗೂ ಗೊತ್ತಿರೋ ಮಾತು. ಹಾಲು ಕುಡಿಸಿ ಸಾಕಿದರೆ ನಷ್ಟ, ಕುಡಿಸದಿದ್ದರೆ ಪಾಪ. ಹಾಗಾಗಿಯೇ 'ಹೆಣ್ಣು ಕರುವಿನದೇ ಹಾಕಿ ಸಾರ್' ಅನ್ನೋ ಕೋರಿಕೆ ಹೆಚ್ಚಾಗಿದೆ.

ಮೈಸೂರಿನಿಂದ ಶುರುವಾದ ಕಥೆ

ಹೋರಿ ಇಲ್ಲದೆ ಹಸು ಗಬ್ಬ ಕಟ್ಟಿಸುವ ಕೆಲಸ ಭಾರತದಲ್ಲಿ ಮೊದಲು ಆದದ್ದು ಕರ್ನಾಟಕದಲ್ಲೇ. 1939ರಲ್ಲಿ ಮೈಸೂರಿನ ಅರಮನೆ ಡೇರಿ ಫಾರಂನಲ್ಲಿ ಡಾ. ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳಿಗೆ ಹೋಲ್ಸ್ಟೀನ್ ಹೋರಿಯ ವೀರ್ಯ ಕೊಟ್ಟು ಯಶಸ್ವಿಯಾದರು. ಆಗ ವೀರ್ಯವನ್ನು ಹೆಪ್ಪುಗಟ್ಟಿಸುವ ವಿದ್ಯೆ ಇರಲಿಲ್ಲ. ತೆಗೆದದ್ದನ್ನು ಒಂದೆರಡು ದಿನದೊಳಗೆ ಬಳಸಬೇಕಿತ್ತು. ಹೋರಿ ಇರುವ ಜಾಗದಿಂದ ಹಸು ಇರುವ ಊರು ದೂರವಾದರೆ ಮುಗೀತು.

ಆ ಗಂಟು ಬಿಚ್ಚಿದ್ದು 1949ರಲ್ಲಿ, ಇಂಗ್ಲೆಂಡಿನಲ್ಲಿ. ಅದೂ ಒಂದು ಎಡವಟ್ಟಿನಿಂದ. ಕ್ರಿಸ್ ಪೋಲ್ಜ್ ಮತ್ತು ಜೊತೆಗಾರರು ಕೋಳಿ ಹುಂಜದ ವೀರ್ಯವನ್ನು ಸಕ್ಕರೆ ದ್ರಾವಣದಲ್ಲಿ ಹೆಪ್ಪುಗಟ್ಟಿಸಿ ನೋಡುತ್ತಿದ್ದರು, ಬದುಕುತ್ತಿರಲಿಲ್ಲ. ಒಂದು ದಿನ ಬದುಕಿತು. ನೋಡಿದರೆ ಸೀಸೆಯ ಚೀಟಿ ಅದಲುಬದಲಾಗಿ, ಒಳಗಿದ್ದದ್ದು ಸಕ್ಕರೆಯಲ್ಲ, ಗ್ಲಿಸರಿನ್ ಬೆರೆತ ದ್ರಾವಣ! ನೀರು ಮಂಜುಗಡ್ಡೆಯಾಗುವಾಗ ಜೀವಕೋಶವನ್ನು ಸೀಳದಂತೆ ಗ್ಲಿಸರಿನ್ ತಡೆದಿತ್ತು. ಇವತ್ತು ಪಶು ಆಸ್ಪತ್ರೆಯವರು ಬೈಕಿನ ಹಿಂದೆ ಕಟ್ಟಿಕೊಂಡು ಬರುವ ಹೊಗೆಯಾಡುವ ಕ್ಯಾನಿನ ಮೂಲ ಅದು. ಒಳಗಿರುವುದು ದ್ರವ ಸಾರಜನಕ, ಮೈನಸ್ 196 ಡಿಗ್ರಿ. ಅದರೊಳಗೆ ಕಾಲು ಮಿಲಿ ಲೀಟರ್ ಹಿಡಿಯುವ ತೆಳ್ಳನೆಯ ಕಡ್ಡಿಗಳು. ಒಂದು ಸಾಧಾರಣ ಕಡ್ಡಿಯಲ್ಲಿ ಸುಮಾರು 2 ಕೋಟಿ ವೀರ್ಯಾಣು ಇರುತ್ತವೆ.

ಈ ಕಡ್ಡಿ ತಯಾರಾಗುವ ಜಾಗಗಳಲ್ಲಿ ಬೆಂಗಳೂರು ಪಕ್ಕದ ಹೆಸರಘಟ್ಟಕ್ಕೆ ದೊಡ್ಡ ಹೆಸರು. ಡೆನ್ಮಾರ್ಕ್ ನೆರವಿನಿಂದ 1969ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಘನೀಕೃತ ವೀರ್ಯ ಕೇಂದ್ರ ಅಲ್ಲಿದೆ. ಕೆಎಂಎಫ್‌ನ ನಂದಿನಿ ವೀರ್ಯ ಕೇಂದ್ರವೂ ಅಲ್ಲೇ. ಊರ ಹೋರಿಗೂ ಇದಕ್ಕೂ ಏನು ವ್ಯತ್ಯಾಸ ಅಂದರೆ, ಅಲ್ಲಿನ ಹೋರಿಯ ತಾಯಿ ಎಷ್ಟು ಹಾಲು ಕೊಟ್ಟಿತ್ತು ಅನ್ನೋದಕ್ಕೆ ದಾಖಲೆ ಇರುತ್ತೆ, ಕಂದು ರೋಗದಂಥ ಕಾಯಿಲೆಗಳಿಗೆ ಪರೀಕ್ಷೆ ಆಗಿರುತ್ತೆ.

ಹೆಣ್ಣು ಗಂಡು ಬೇರೆ ಮಾಡೋದು ಹೇಗೆ?

ಕರು ಹೆಣ್ಣೋ ಗಂಡೋ ಅನ್ನೋದನ್ನು ನಿರ್ಧರಿಸೋದು ಹೋರಿಯ ವೀರ್ಯಾಣು. ಎಕ್ಸ್ ಹೊತ್ತದ್ದು ಮುಟ್ಟಿದರೆ ಹೆಣ್ಣು, ವೈ ಹೊತ್ತದ್ದು ಮುಟ್ಟಿದರೆ ಗಂಡು. (ಮನುಷ್ಯರಲ್ಲೂ ಇದೇ ಲೆಕ್ಕ. ಹೆಣ್ಣು ಹೆತ್ತಳು ಅಂತ ಸೊಸೆಯನ್ನು ಬೈಯುವ ಮನೆಯವರಿಗೆ ಕೊಟ್ಟಿಗೆಯ ವಿಜ್ಞಾನವಾದರೂ ತಿಳಿದರೆ ಸಾಕಿತ್ತು.) ದನದಲ್ಲಿ ಎಕ್ಸ್ ವೀರ್ಯಾಣುವಿನೊಳಗಿನ ಡಿಎನ್‌ಎ, ವೈಗಿಂತ ನೂರಕ್ಕೆ ಸುಮಾರು 4ರಷ್ಟು ಹೆಚ್ಚು. ಇಷ್ಟು ಸಣ್ಣ ವ್ಯತ್ಯಾಸವೇ ಇಡೀ ತಂತ್ರದ ಬುಡ. ವೀರ್ಯಾಣುಗಳಿಗೆ ಬಣ್ಣ ಹಿಡಿಸಿ ಒಂದೊಂದನ್ನೇ ಲೇಸರ್ ಮುಂದೆ ಹಾಯಿಸಿದರೆ ಎಕ್ಸ್ ಕೊಂಚ ಹೆಚ್ಚು ಹೊಳೆಯುತ್ತೆ, ಯಂತ್ರ ಅದನ್ನು ಗುರುತಿಸಿ ಬೇರೆ ಮಾಡುತ್ತೆ. ಈ ವಿಧಾನ ಬೆಳೆದದ್ದು ಅಮೆರಿಕದ ಬೆಲ್ಟ್ಸ್‌ವಿಲ್ ಸರ್ಕಾರಿ ಪ್ರಯೋಗಾಲಯದಲ್ಲಿ. 1989ರಲ್ಲಿ ಮೊದಲು ಮೊಲದ ಮೇಲೆ ಗೆದ್ದರು.

ಬಹಳ ವರ್ಷ ಈ ಕಡ್ಡಿ ದುಬಾರಿಯಾಗಿತ್ತು, ಯಂತ್ರ ವಿದೇಶದ್ದು. 2024ರ ಅಕ್ಟೋಬರ್ 5ರಂದು ಮಹಾರಾಷ್ಟ್ರದ ವಾಶಿಮ್‌ನಲ್ಲಿ ಪ್ರಧಾನಿ ದೇಶೀಯ ತಂತ್ರಜ್ಞಾನವನ್ನು ಬಿಡುಗಡೆ ಮಾಡಿದರು. ಕಡ್ಡಿಯೊಂದಕ್ಕೆ ಸುಮಾರು 200 ರೂಪಾಯಿ ಕಡಿಮೆ ಆಗುತ್ತೆ ಅನ್ನೋದು ಆಗ ಹೇಳಿದ ಲೆಕ್ಕ.

ಈಗ ಅಸಲು ವಿಷಯಕ್ಕೆ ಬರೋಣ. ಈ ಕಡ್ಡಿ ಹಾಕಿದರೆ ನೂರಕ್ಕೆ 90ರ ಸುತ್ತ ಹೆಣ್ಣು ಕರು ಅನ್ನೋದು ನಿಜ. ಆದರೆ ಗಬ್ಬ ನಿಂತರೆ ಮಾತ್ರ! ಬೇರ್ಪಡಿಸುವಾಗ ವೀರ್ಯಾಣುಗಳಿಗೆ ಪೆಟ್ಟು ಬೀಳುತ್ತೆ, ಯಂತ್ರ ನಿಧಾನ, ಹಾಗಾಗಿ ಒಂದು ಕಡ್ಡಿಗೆ ತುಂಬೋದು ಸುಮಾರು 20 ಲಕ್ಷ ವೀರ್ಯಾಣು. ಸಾಧಾರಣ ಕಡ್ಡಿಯ ಹತ್ತನೇ ಒಂದು ಪಾಲು. ಆದ್ದರಿಂದ ಗಬ್ಬ ನಿಲ್ಲುವ ಪ್ರಮಾಣ ಕಡಿಮೆ.

ಒಂದು ಉದಾಹರಣೆ ಲೆಕ್ಕ ಹಾಕಿ. ಸಾಧಾರಣ ಕಡ್ಡಿ 100 ಹಸುವಿಗೆ ಹಾಕಿ 40 ಗಬ್ಬ ನಿಂತವು ಅಂದುಕೊಳ್ಳಿ, ಹೆಣ್ಣು ಕರು 20. ಹೆಣ್ಣು ಕರುವಿನ ಕಡ್ಡಿ 100ಕ್ಕೆ ಹಾಕಿ 30 ಗಬ್ಬ ನಿಂತವು ಅಂದುಕೊಳ್ಳಿ, ಹೆಣ್ಣು ಕರು 27. ಹೆಣ್ಣು ಕರು ಏಳು ಹೆಚ್ಚು, ಸರಿ. ಆದರೆ ಹತ್ತು ಹಸು ಖಾಲಿ ಉಳಿದವು, ಮತ್ತೆ ಬೆದೆಗೆ ಕಾಯಬೇಕು. ನೂರು ಹಸು ಇರುವ ಫಾರಂಗೆ ಇದು ಸರಾಸರಿಯಲ್ಲಿ ಸರಿಹೋಗುತ್ತೆ. ಎರಡೇ ಹಸು ಇರುವ ಮನೆಗೆ ಸರಾಸರಿ ಅನ್ನೋದೇ ಇಲ್ಲ. ನಿಂತರೆ ನಿಂತಿತು, ಇಲ್ಲದಿದ್ದರೆ ಇಲ್ಲ.

ಒಂದು ಬೆದೆ ತಪ್ಪಿದರೆ 21 ದಿನ ಹೋಯಿತು. ಬತ್ತಿದ ಹಸುವಿಗೆ ಹಿಂಡಿ, ಬೂಸಾ, ಹುಲ್ಲು ಸೇರಿ ದಿನಕ್ಕೆ 150 ರೂಪಾಯಿ ಅಂತ ಹಿಡಿದರೂ 3,150 ರೂಪಾಯಿ. ಕಡ್ಡಿಯಲ್ಲಿ ಉಳಿಸಿದ ಇನ್ನೂರು ರೂಪಾಯಿ ಇದರ ಮುಂದೆ ಯಾವ ಲೆಕ್ಕ?

ಹಾಗಾಗಿ ಈ ಕಡ್ಡಿಯನ್ನು ಯಾವ ಹಸುವಿಗೆ ಹಾಕಿಸಬೇಕು ಅನ್ನೋದೇ ಮುಖ್ಯ. ಚೆನ್ನಾಗಿ ಮೈತುಂಬಿ ಬೆಳೆದ ಕಡಸು, ಇಲ್ಲವೇ ಒಂದು ಸೂಲು ಆಗಿ ಆರೋಗ್ಯವಾಗಿದ್ದು 21 ದಿನಕ್ಕೆ ಸರಿಯಾಗಿ ಬೆದೆಗೆ ಬರುವ ಹಸು. ಎರಡು ಮೂರು ಸಲ ಹಾಕಿಸಿಯೂ ನಿಲ್ಲದ ಹಸುವಿಗೆ 'ಈ ಹೊಸದು ಹಾಕಿ ನೋಡೋಣ' ಅನ್ನೋದು ದುಡ್ಡು ಕಳೆಯುವ ದಾರಿ. ಅಂಥ ಹಸುವಿಗೆ ಮೊದಲು ಗರ್ಭಕೋಶದ ತಪಾಸಣೆ, ಖನಿಜ ಮಿಶ್ರಣ, ಜಂತುಹುಳುವಿನ ಔಷಧ. ಕಡ್ಡಿ ಆಮೇಲೆ.

ಸಂಜೆ ಬೆದೆ, ಬೆಳಗ್ಗೆ ಕಡ್ಡಿ

ಪ್ರಯೋಗಾಲಯದಲ್ಲಿ ಎಷ್ಟೇ ಗೆದ್ದರೂ ಕೊನೆಯ ಕೆಲಸ ಆಗಬೇಕಾದ್ದು ಮನೆಯವರ ಕಣ್ಣಿನಿಂದ. ಹಸುವಿನ ಬೆದೆ ಇರೋದು 12ರಿಂದ 18 ಗಂಟೆ. ಮೊಟ್ಟೆ ಬಿಡುಗಡೆ ಆಗೋದು ಬೆದೆ ಮುಗಿದು ಹತ್ತು ಹನ್ನೆರಡು ಗಂಟೆಯ ನಂತರ. ಅದಕ್ಕೇ ಹಳೇ ನಿಯಮ: ಬೆಳಗ್ಗೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ. ತುಂಬಾ ಬೇಗ ಹಾಕಿದರೆ ಮೊಟ್ಟೆ ಬರುವ ಹೊತ್ತಿಗೆ ವೀರ್ಯಾಣು ಸತ್ತಿರುತ್ತೆ, ತಡವಾದರೆ ಮೊಟ್ಟೆಯೇ ಕೆಟ್ಟಿರುತ್ತೆ. ಕಡಿಮೆ ವೀರ್ಯಾಣು ಇರುವ ಹೆಣ್ಣು ಕರುವಿನ ಕಡ್ಡಿಗೆ ಈ ಹೊತ್ತಿನ ತಪ್ಪು ಇನ್ನೂ ದುಬಾರಿ.

ತೊಂದರೆ ಎಲ್ಲಿ ಅಂದರೆ, ಎಚ್‌ಎಫ್ ಹಸುವನ್ನು ದಿನವಿಡೀ ಕಟ್ಟಿಹಾಕುತ್ತೇವೆ. ಮೇಯಲು ಬಿಟ್ಟ ಹಸು ಇನ್ನೊಂದರ ಮೇಲೆ ಹತ್ತೋದನ್ನು ದನ ಕಾಯುವ ಹುಡುಗ ನೋಡಿ ಮನೆಗೆ ಹೇಳುತ್ತಿದ್ದ. ಕಟ್ಟಿದ ಹಸುವಿನಲ್ಲಿ ಅದು ಕಾಣೋದಿಲ್ಲ. ಕೂಗು, ಮೇವು ಕಡಿಮೆ ಮಾಡೋದು, ಹಾಲು ದಿಢೀರ್ ಇಳಿಯೋದು, ಗಾಜಿನಂತೆ ತಿಳಿಯಾದ ಲೋಳೆ ಬೀಳೋದು, ಇಷ್ಟರಲ್ಲೇ ಹಿಡಿಯಬೇಕು. ಬೇಸಿಗೆಯಲ್ಲಿ ಬೆದೆ ಬಹುಪಾಲು ರಾತ್ರಿ ಹೊತ್ತಿನಲ್ಲಿ. ಹಾಲು ಕರೆಯುವಾಗ ಮಾತ್ರ ಕೊಟ್ಟಿಗೆಗೆ ಹೋಗುವ ಮನೆಯಲ್ಲಿ ಬೆದೆ ಬಂದದ್ದೂ ಗೊತ್ತಾಗದು, ಹೋದದ್ದೂ ಗೊತ್ತಾಗದು. ರಾತ್ರಿ ಮಲಗುವ ಮುಂಚೆ ಟಾರ್ಚ್ ಹಿಡಿದು ಒಂದು ಸುತ್ತು, ನಸುಕಿನಲ್ಲಿ ಒಂದು ಸುತ್ತು. ಈ ಕೆಲಸ ಹೆಚ್ಚಿನ ಮನೆಗಳಲ್ಲಿ ಮಾಡೋದು ಹೆಂಗಸರು. ತರಬೇತಿಗೆ ಕರೆಸೋದು ಮಾತ್ರ ಗಂಡಸರನ್ನು.

ಕಡ್ಡಿ ಹಾಕಿದ ಮೇಲೆ ಖಾಲಿ ಕಡ್ಡಿಯನ್ನು ಕೇಳಿ ಇಟ್ಟುಕೊಳ್ಳೋದು ಒಳ್ಳೇದು. ಅದರ ಮೇಲೆ ಹೋರಿಯ ನಂಬರು, ತಳಿ, ಕೇಂದ್ರ, ತಯಾರಾದ ದಿನ ಮುದ್ರಿಸಿರುತ್ತೆ. ಆ ನಂಬರನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟರೆ, ನಾಳೆ ಅದರ ಮಗಳಿಗೆ ಅದೇ ಹೋರಿಯ ಕಡ್ಡಿ ಬೀಳದಂತೆ ನೋಡಿಕೊಳ್ಳಬಹುದು. ಅಪ್ಪನ ಕಡ್ಡಿ ಮಗಳಿಗೆ ಬಿದ್ದರೆ ಕರು ಬಡಕಲಾಗುತ್ತೆ, ಹಾಲು ಇಳಿಯುತ್ತೆ. ಕಿವಿಗೆ ಹಾಕಿದ 12 ಅಂಕಿಯ ಓಲೆ ಇದ್ದರೆ ಅದರ ಜೊತೆಗೆ ನಮೂದು ಮಾಡಿಸಿ. ಹಾಕಿಸಿದ ಎರಡು ಮೂರು ತಿಂಗಳಿಗೆ ಗಬ್ಬ ಪರೀಕ್ಷೆ ಮಾಡಿಸದೆ 'ನಿಂತಿರಬೇಕು ಬಿಡಿ' ಅಂತ ಕೂರೋದು ಇನ್ನೊಂದು ದೊಡ್ಡ ನಷ್ಟ.

ಪುರದಲ್ಲಿ ಆದದ್ದು

ಈಗ ಸಗಣಿಗೆ ಬನ್ನಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ಕುಮಾರ್ ಎನ್. ರೆಡ್ಡಿ 'ಅಸ್ತ್ರ' ಅನ್ನೋ ಕೇಂದ್ರ ಕಟ್ಟಿದರು. ಹಳ್ಳಿಗೆ ಬೇಕಾದ ತಂತ್ರಜ್ಞಾನವನ್ನು ಹಳ್ಳಿಯಲ್ಲೇ ಕೂತು ಮಾಡಬೇಕು ಅನ್ನೋದು ಅವರ ಹಟ. ಹೊಗೆ ಕಡಿಮೆಯ 'ಅಸ್ತ್ರ ಒಲೆ' ನೆನಪಿರುವವರು ಈಗಲೂ ಇದ್ದಾರೆ. ಅದೇ ತಂಡ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ಮಾಡಿಕೊಂಡು, ಹತ್ತಿರದ ಪುರದಲ್ಲಿ ಇಡೀ ಊರಿಗೆ ಒಂದೇ ಗೋಬರ್ ಗ್ಯಾಸ್ ಕಟ್ಟಿತು. ಪ್ರತಿ ಮನೆಯವರೂ ಸಗಣಿ ತಂದು ಹಾಕೋದು, ಪ್ರತಿ ಮನೆಯ ಒಲೆಗೂ ಗ್ಯಾಸು ಹೋಗೋದು. ಕಾಗದದ ಮೇಲೆ ಬಹಳ ಚೆನ್ನಾಗಿತ್ತು.

ನಡೆಯಲಿಲ್ಲ. ಸಗಣಿ ಸಾಲಲಿಲ್ಲ. ಆಗಿನ ನಾಟಿ ದನಗಳು ಹಗಲೆಲ್ಲ ಮೇಯಲು ಹೋಗೋವು, ಅರ್ಧ ಸಗಣಿ ಗೋಮಾಳದಲ್ಲೇ ಬೀಳೋದು. ಕೊಟ್ಟಿಗೆಯಲ್ಲಿ ಸಿಕ್ಕಷ್ಟರಲ್ಲಿ ಊರಿನ ಎರಡು ಹೊತ್ತಿನ ಅಡುಗೆ ಆಗದು. ಗ್ಯಾಸು ಅರ್ಧ ಅಡುಗೆಗೆ ನಿಂತುಹೋದರೆ ಮತ್ತೆ ಸೌದೆ ಒಲೆ ಹಚ್ಚಬೇಕು. ಸೌದೆ ಹೇಗೂ ಆಯ್ದು ತಂದರೆ ಪುಕ್ಕಟೆ ಸಿಗುತ್ತಿತ್ತು. ಇಂಥ ಒಲೆಗಾಗಿ ಯಾರು ಸಗಣಿ ಹೊರುತ್ತಾರೆ?

ಮೆಚ್ಚಬೇಕಾದ್ದು ಇಲ್ಲಿ. ಸಂಶೋಧಕರು ಊರವರನ್ನು ಬೈಯಲಿಲ್ಲ, 'ನಿಮಗೆ ಏನು ಬೇಕು' ಅಂತ ಕೇಳಿದರು. ಕುಡಿಯುವ ನೀರು ಬೇಕು ಅನ್ನೋದು ಉತ್ತರ. ಇದ್ದಷ್ಟು ಸಗಣಿ ಅಡುಗೆಗೆ ಸಾಲದಿದ್ದರೂ ಒಂದು ಎಂಜಿನ್ ಓಡಿಸಲು ಸಾಕಿತ್ತು. 1987ರಲ್ಲಿ ಅದೇ ಪ್ಲಾಂಟಿನ ಗ್ಯಾಸಿಗೆ ಸ್ವಲ್ಪ ಡೀಸೆಲ್ ಬೆರೆಸಿ ಓಡುವ ಎಂಜಿನ್ ಜೋಡಿಸಿ ವಿದ್ಯುತ್ ಮಾಡಿದರು. ಬೋರ್‌ವೆಲ್ ನೀರು ಟ್ಯಾಂಕಿಗೆ ಏರಿ ಬೀದಿ ನಲ್ಲಿಗೆ ಬಂತು, ಸಂಜೆ ಮನೆಗಳಲ್ಲಿ ದೀಪ ಉರಿಯಿತು. ಸಗಣಿ ತಂದವರಿಗೆ ಕೆಜಿಗೆ 2 ಪೈಸೆ ಕೂಲಿ, ಜೊತೆಗೆ ತಂದಷ್ಟಕ್ಕೆ ತಕ್ಕ ಬಗ್ಗಡ ಗೊಬ್ಬರ ವಾಪಸ್. ಅಡುಗೆ ಗ್ಯಾಸಿಗೆ ಬಾರದ ಸಗಣಿ ನೀರಿಗಾಗಿ ಬರತೊಡಗಿತು.

ಈ ಪ್ರಯೋಗವನ್ನು ದೇಶ ವಿದೇಶದವರು ಬಂದು ನೋಡಿದರು. ಜಿಲ್ಲೆಯಲ್ಲಿ ಮಾತ್ರ ಇದರ ನೆನಪು ಅಷ್ಟಾಗಿ ಉಳಿದಿಲ್ಲ. ಕುಣಿಗಲ್ ಅಂದರೆ ಎಲ್ಲರಿಗೂ ಕುದುರೆ ಫಾರಂ ಅಷ್ಟೇ.

ತಳಿ ಬದಲಾಯಿತು, ಲೆಕ್ಕವೂ ಬದಲಾಯಿತು

ಪುರದಲ್ಲಿ ಅಡುಗೆ ಗ್ಯಾಸು ಯಾಕೆ ಸೋತಿತು ಅನ್ನೋದನ್ನು ಇವತ್ತಿನ ಕೊಟ್ಟಿಗೆ ಪಕ್ಕ ಇಟ್ಟು ನೋಡಿ. ಮೇಯಲು ಹೋಗುವ ನಾಟಿ ಹಸುವಿನಿಂದ ಕೈಗೆ ಸಿಗುತ್ತಿದ್ದ ಸಗಣಿ ದಿನಕ್ಕೆ ನಾಲ್ಕೈದು ಕೆಜಿ. ಕಟ್ಟಿ ಮೇಯಿಸುವ ಮಿಶ್ರತಳಿ ಹಸುವಿನಿಂದ ಕಡಿಮೆ ಅಂದರೂ 12 ಕೆಜಿ, ಅದೂ ಎಲ್ಲ ಒಂದೇ ಜಾಗದಲ್ಲಿ. ಅಂದಿನ ಐದಾರು ದನದ ಸಗಣಿ ಇಂದಿನ ಎರಡು ಹಸುವಿನಲ್ಲಿ ಸಿಗುತ್ತೆ. ಹಾಲಿಗಾಗಿ ಮಾಡಿದ ತಳಿ ಸಂಶೋಧನೆ, ಯಾರೂ ಯೋಜನೆ ಹಾಕದೆಯೇ, ಗೋಬರ್ ಗ್ಯಾಸಿನ ಲೆಕ್ಕ ಸರಿಮಾಡಿದೆ. ಇಲಾಖೆಗಳು ಮಾತ್ರ ಇವತ್ತಿಗೂ ಇವೆರಡನ್ನೂ ಬೇರೆ ಬೇರೆ ಟೇಬಲ್‌ನಲ್ಲೇ ಇಟ್ಟಿವೆ.

ರೂಢಿಯ ಲೆಕ್ಕ ಹೀಗಿದೆ. 25 ಕೆಜಿ ಹಸಿ ಸಗಣಿಗೆ ದಿನಕ್ಕೆ ಸುಮಾರು 1 ಘನ ಮೀಟರ್ ಗ್ಯಾಸು. 1 ಘನ ಮೀಟರ್ ಗ್ಯಾಸು ಅಂದರೆ ಸುಮಾರು 450 ಗ್ರಾಂ ಎಲ್‌ಪಿಜಿಗೆ ಸಮ. ತಿಂಗಳಿಗೆ 13 ಕೆಜಿ ಚಿಲ್ಲರೆ. 14.2 ಕೆಜಿಯ ಮನೆ ಸಿಲಿಂಡರಿಗೆ ಹೆಚ್ಚುಕಡಿಮೆ ಸರಿ. ನಾಲ್ಕು ಜನದ ಮನೆಗೆ ಇಷ್ಟು ಸಾಕು. ಎರಡು ಹಸು, ತಿಂಗಳಿಗೊಂದು ಸಿಲಿಂಡರು: ಇಷ್ಟೇ ನೆನಪಿಟ್ಟುಕೊಂಡರೂ ಆಯಿತು.

ಹೆಚ್ಚಿನ ಪ್ಲಾಂಟ್‌ಗಳು ಕೆಟ್ಟದ್ದು ಗಾತ್ರದಿಂದ. ಸಹಾಯಧನ ಹೆಚ್ಚು ಸಿಗುತ್ತೆ ಅಂತ ಎರಡು ಹಸುವಿನ ಮನೆಯಲ್ಲಿ 3 ಘನ ಮೀಟರಿನದು ಕಟ್ಟಿಸಿದರೆ, ಅರ್ಧ ಹೊಟ್ಟೆಯ ಪ್ಲಾಂಟು ಒತ್ತಡವಿಲ್ಲದೆ ಸೊರಗುತ್ತೆ. ಇನ್ನೊಂದು ಕಾರಣ ನೀರು. ಸಗಣಿಗೆ ಸಮಪಾಲು ನೀರು ಸಾಕು. ಎಚ್‌ಎಫ್ ಕೊಟ್ಟಿಗೆಯನ್ನು ಪೈಪ್ ಬಿಟ್ಟು ತೊಳೆದ ನೀರೆಲ್ಲ ಒಳಗೆ ಹೋದರೆ ಬಗ್ಗಡ ತೆಳ್ಳಗಾಗಿ, ಸಗಣಿ ಪೂರ್ತಿ ಕೊಳೆಯುವ ಮುಂಚೆಯೇ ಹೊರಗೆ ಬಂದುಬಿಡುತ್ತೆ. ಅದು ಒಳಗೆ ಸುಮಾರು 40 ದಿನ ಇರಬೇಕು. ಫಿನಾಯಿಲ್ ಹಾಕಿ ತೊಳೆದ ನೀರಂತೂ ಬೇಡವೇ ಬೇಡ. ಗ್ಯಾಸು ಮಾಡೋದು ಜೀವಾಣುಗಳು, ಫಿನಾಯಿಲ್ ಅವನ್ನೇ ಕೊಲ್ಲುತ್ತೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಗ್ಯಾಸು ಇಳಿಯೋದೂ ಅದಕ್ಕೇ, ಜೀವಾಣುಗಳಿಗೆ 30ರಿಂದ 35 ಡಿಗ್ರಿ ಬಿಸಿ ಹಿತ. ಬಿಸಿಲಿಗಿಟ್ಟ ನೀರಿನಲ್ಲಿ ಮಧ್ಯಾಹ್ನ ಕಲಸಿ ಹಾಕಿದರೆ ಸ್ವಲ್ಪ ವಾಸಿ.

ಹೊಸ ಪ್ಲಾಂಟಿನ ಮೊದಲ ಗ್ಯಾಸು ಉರಿಯದಿದ್ದರೆ ಗಾಬರಿ ಬೇಡ. ಶುರುವಿನಲ್ಲಿ ಬರೋದು ಬಹುಪಾಲು ಇಂಗಾಲದ ಡೈ ಆಕ್ಸೈಡ್. ಅದನ್ನು ಬಿಟ್ಟುಬಿಡಬೇಕು. ಓಡುತ್ತಿರುವ ಪ್ಲಾಂಟಿನಿಂದ ನಾಲ್ಕು ಬಿಂದಿಗೆ ಬಗ್ಗಡ ತಂದು ಹೆಪ್ಪು ಹಾಕಿದಂತೆ ಹಾಕಿದರೆ ಬೇಗ ಹಿಡಿಯುತ್ತೆ. ಆಮೇಲೆ ಎಲ್‌ಪಿಜಿ ಒಲೆಯನ್ನೇ ನೇರವಾಗಿ ಜೋಡಿಸಿದರೆ ಉರಿ ಬಾರದು, ಗ್ಯಾಸು ಬರುವ ತೂತು ದೊಡ್ಡದಿರುವ ಬೇರೆ ಬರ್ನರ್ ಬೇಕು.

ಕಟ್ಟಿಸಿಕೊಟ್ಟವರು ಆಮೇಲೆ ಬಾಗಿಲಿಗೆ ಬರುತ್ತಾರಾ ಅನ್ನೋದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಉತ್ತರ ಕನ್ನಡದ ಶಿರಸಿ ಸೀಮೆಯಲ್ಲಿ ಗೋಬರ್ ಗ್ಯಾಸ್ ಮನೆಮನೆಗೂ ಹಬ್ಬಿದ್ದನ್ನು ವಿಜ್ಞಾನ ಸಂಸ್ಥೆಯವರು ಅಧ್ಯಯನ ಮಾಡಿ 2001ರಲ್ಲಿ ಪ್ರಕಟಿಸಿದರು. ಬೇರೆಡೆ ಪ್ಲಾಂಟ್‌ಗಳು ಹಾಳು ಬಿದ್ದಿರುವಾಗ ಅಲ್ಲಿ ನೋಡಿದವು ಬಹುತೇಕ ಎಲ್ಲವೂ ಚಾಲ್ತಿಯಲ್ಲಿದ್ದವು. ಕಟ್ಟುವ ಕೆಲಸ ಅಲ್ಲಿ ಸ್ಥಳೀಯ ಕಸುಬಿನವರದು. ಗ್ಯಾರಂಟಿ ಕೊಟ್ಟು, ಕರೆದಾಗ ಬಂದು ರಿಪೇರಿ ಮಾಡಿಕೊಡುತ್ತಿದ್ದರು. ಒಬ್ಬರು ಹಾಳು ಕೆಲಸ ಮಾಡಿದರೆ ಮುಂದಿನ ಗಿರಾಕಿ ಇನ್ನೊಬ್ಬರ ಬಳಿ ಹೋಗುವ ಪೈಪೋಟಿಯೂ ಇತ್ತು. ತಾಲ್ಲೂಕು ಕೇಂದ್ರದ ಪ್ಲಂಬಿಂಗ್, ಹಾರ್ಡ್‌ವೇರ್ ಅಂಗಡಿಯವರು, ಗಾರೆ ಕೆಲಸದವರು ಇಲ್ಲಿ ಒಂದು ವ್ಯಾಪಾರ ಕಾಣಬಹುದು.

ಬಗ್ಗಡವನ್ನು ಮರೆಯಬಾರದು. ತಿಪ್ಪೆಯಲ್ಲಿ ಬಿಸಿಲಿಗೆ ಒಣಗಿದ ಸಗಣಿಯ ಸಾರಜನಕ ಗಾಳಿಗೆ ಹೋಗುತ್ತೆ, ಪ್ಲಾಂಟಿನಿಂದ ಬಂದ ಬಗ್ಗಡದಲ್ಲಿ ಬಹುಪಾಲು ಉಳಿದಿರುತ್ತೆ. ತೆಂಗಿನ ಪಾತಿಗೆ ನೇರ ಬಿಡಬಹುದು. ಗುಜರಾತಿನ ಆಣಂದ್ ಜಿಲ್ಲೆಯ ಜಕರಿಯಾಪುರ ಎಂಬ ಊರಿನಲ್ಲಿ ಎನ್‌ಡಿಡಿಬಿ ಮನೆಮನೆಗೆ ಸಣ್ಣ ಪ್ಲಾಂಟ್ ಹಾಕಿಸಿ, ಉಳಿದ ಬಗ್ಗಡವನ್ನು ಹಾಲಿನಂತೆಯೇ ಸಹಕಾರ ಪದ್ಧತಿಯಲ್ಲಿ ಕೊಳ್ಳುವ ಏರ್ಪಾಡು ಮಾಡಿದೆ. ಹೆಂಗಸರ ಕೈಗೆ ಹಾಲಿನ ಬಟವಾಡೆ ಜೊತೆ ಬಗ್ಗಡದ ಬಟವಾಡೆ. ತುಮುಲ್ ಆಡಳಿತದವರು ಒಮ್ಮೆ ಹೋಗಿ ನೋಡಿ ಬಂದರೆ ನಷ್ಟವೇನಿಲ್ಲ.

ಹಾಸ್ಟೆಲ್, ಮಠ, ಮದರಸಾ ಅಡುಗೆಮನೆಗೆ ಆಗುತ್ತಾ?

ಮನೆಯ ಲೆಕ್ಕ ಆಯಿತು. ನೂರಾರು ಮಕ್ಕಳಿಗೆ ಅನ್ನ ಬೇಯಿಸುವ ವಸತಿ ಶಾಲೆಗಳ ಲೆಕ್ಕ ಬೇರೆ. ಇದನ್ನು ದೊಡ್ಡದಾಗಿ ಪ್ರಯತ್ನಿಸಿದವರಲ್ಲಿ ಇಂಡೋನೇಷ್ಯಾದವರು ಮುಖ್ಯರು. ಅಲ್ಲಿ 'ಪೆಸಂತ್ರೆನ್' ಅನ್ನೋ ಇಸ್ಲಾಮಿಕ್ ವಸತಿ ಶಾಲೆಗಳು ಊರೂರಲ್ಲಿವೆ, ಹಲವಕ್ಕೆ ಸ್ವಂತ ಗದ್ದೆ, ದನದ ಕೊಟ್ಟಿಗೆ ಇದೆ. ಜಾವಾದ ಕೊಟ್ಟಿಗೆಯಲ್ಲಿ ಕಾಣುವ ಬಿಳಿ ದನ 'ಪೆರಾನಕನ್ ಓಂಗೋಲ್'. ಹೆಸರೇ ಹೇಳುವಂತೆ ಅದರ ಮೂಲ ಆಂಧ್ರದ ಓಂಗೋಲ್ ತಳಿ. ಡಚ್ಚರ ಕಾಲದಲ್ಲಿ ಹಡಗು ಹತ್ತಿ ಹೋದದ್ದು. 2009ರಲ್ಲಿ ನೆದರ್ಲೆಂಡ್ಸ್ ನೆರವಿನಿಂದ ಅಲ್ಲಿ 'ಬಿರು' ಅನ್ನೋ ಮನೆ ಬಯೋಗ್ಯಾಸ್ ಯೋಜನೆ ಶುರುವಾಯಿತು. ಪೆಸಂತ್ರೆನ್‌ಗಳಲ್ಲೂ ಸಗಣಿಯ ಪ್ಲಾಂಟ್, ಕೆಲವು ಕಡೆ ಮಕ್ಕಳ ಶೌಚಾಲಯಕ್ಕೇ ಜೋಡಿಸಿದ ಪ್ಲಾಂಟ್ ಬಂದವು.

ಇಲ್ಲಿ ಯಂತ್ರಕ್ಕಿಂತ ಮುಂಚೆ ಮನಸ್ಸಿನ ಪ್ರಶ್ನೆ ಏಳುತ್ತೆ. ಇಂಡೋನೇಷ್ಯಾದಲ್ಲಿ ಹೆಚ್ಚಿನವರು ಶಾಫಿ ಪಂಥದವರು, ಕರ್ನಾಟಕದ ಕರಾವಳಿಯ ಬ್ಯಾರಿ, ನವಾಯತ ಸಮುದಾಯಗಳಂತೆಯೇ. ಆ ಪಂಥದಲ್ಲಿ ಸಗಣಿ ಅಶುದ್ಧ ಅನ್ನೋ ನಿಯಮ. ಅಂಥ ಗ್ಯಾಸಿನಲ್ಲಿ ಬೇಯಿಸಿದ ಅನ್ನ ತಿನ್ನಬಹುದೇ? ಗುರುಗಳು ಕೂತು ವಿಚಾರ ಮಾಡಿ ಉತ್ತರ ಕೊಡದೆ ಅಡುಗೆಮನೆಗೆ ಪೈಪ್ ಬರದು. ಪೈಪಿನಲ್ಲಿ ಬರೋದು ಗ್ಯಾಸು, ಸಗಣಿ ಕೊಳೆತು ಬೇರೆಯೇ ವಸ್ತುವಾಗಿ ಬಂದದ್ದು ಅನ್ನೋದು ಒಂದು ವಾದ. ಇಲ್ಲಿ ಸಗಣಿಯಿಂದ ನೆಲ ಸಾರಿಸುವ ಮನೆಗೂ ಶೌಚಾಲಯದ ಗ್ಯಾಸು ಅಂದರೆ ಮುಖ ಕಿವುಚುತ್ತೆ. ಅಲ್ಲಿನದೂ ಇಲ್ಲಿನದೂ ಅಂಥ ದೊಡ್ಡ ವ್ಯತ್ಯಾಸವಲ್ಲ.

ಲೆಕ್ಕ ಮಾತ್ರ ಕಠಿಣ. ಒಬ್ಬರ ಅಡುಗೆಗೆ ದಿನಕ್ಕೆ ಕಾಲು ಘನ ಮೀಟರ್ ಗ್ಯಾಸು ಹಿಡಿದರೆ ನೂರು ಮಕ್ಕಳಿಗೆ 25 ಘನ ಮೀಟರ್. ಅದಕ್ಕೆ 625 ಕೆಜಿ ಸಗಣಿ, ಅಂದರೆ 50 ಹಸು! ಶೌಚಾಲಯ ಜೋಡಿಸಿದರೂ ನೂರು ಮಕ್ಕಳಿಂದ ಸಿಗೋದು 3 ಘನ ಮೀಟರಿಗೂ ಕಡಿಮೆ. ಹತ್ತು ಹಸು ಇರುವ ಮಠವೋ ಮದರಸಾವೋ ಪೂರ್ತಿ ಅಡುಗೆಯ ಆಸೆ ಬಿಟ್ಟು, ಬೆಳಗಿನ ಹಾಲು, ಚಹಾ, ಉಪ್ಪಿಟ್ಟಿಗೆ ಗ್ಯಾಸು ಅಂತ ಹೊರಟರೆ ಗಿಟ್ಟುತ್ತೆ. ಪುರದವರು ಮಾಡಿದ್ದೂ ಇದನ್ನೇ.

ಹೋಟೆಲಿನವರಿಗೆ ಇನ್ನೊಂದು ದಾರಿ ಇದೆ. ಉಳಿದ ಅನ್ನ, ಹಳಸಿದ ಹಿಟ್ಟು, ತರಕಾರಿ ಸಿಪ್ಪೆ ತೂಕಕ್ಕೆ ತೂಕ ಹಿಡಿದರೆ ಸಗಣಿಗಿಂತ ಹೆಚ್ಚು ಗ್ಯಾಸು ಕೊಡುತ್ತೆ. ಸಗಣಿ ಅಂದರೆ ಹಸು ಒಮ್ಮೆ ಸಾರ ಹೀರಿ ಬಿಟ್ಟದ್ದು ತಾನೇ. ಆದರೆ ಮದುವೆ ಮರುದಿನ ಅಂತ ಒಂದೇ ಸಲ ನೂರು ಕೆಜಿ ಸುರಿದರೆ ಒಳಗೆಲ್ಲ ಹುಳಿಯಾಗಿ ಪ್ಲಾಂಟ್ ವಾರಗಟ್ಟಲೆ ಮಲಗುತ್ತೆ. ದಿನವೂ ಅಷ್ಟಷ್ಟೇ, ಚೂರು ಮಾಡಿ, ಸಗಣಿ ಜೊತೆ ಬೆರೆಸಿ. ಊಟದೆಲೆ, ಪ್ಲಾಸ್ಟಿಕ್, ನಿಂಬೆ ಸಿಪ್ಪೆ ಬೇಡ.

ಸಹಾಯಧನ ವರ್ಷ ವರ್ಷ ಬದಲಾಗುತ್ತೆ, ಕಟ್ಟುವ ಮುಂಚೆ ತಾಲ್ಲೂಕು ಪಂಚಾಯಿತಿಯಲ್ಲಿ ಕೇಳಿ ಅರ್ಜಿ ಹಾಕಬೇಕು, ಕಟ್ಟಿದ ಮೇಲೆ ಹೋದರೆ ಪ್ರಯೋಜನವಿಲ್ಲ. ಇನ್ನು ಪ್ಲಾಂಟ್ ಕಟ್ಟಿಕೊಂಡು ಹೂಳೆತ್ತುವ ದಿನ ಬಂದರೆ, ಎಷ್ಟೇ ಪರಿಚಯದ ಕೆಲಸಗಾರರಾದರೂ ಗುಂಡಿಯೊಳಗೆ ಇಳಿಸಬೇಡಿ. ಒಳಗಿನ ಗ್ಯಾಸಿಗೆ ಒಂದೆರಡು ಉಸಿರಿನಲ್ಲೇ ಎಚ್ಚರ ತಪ್ಪುತ್ತೆ. ಅವರನ್ನು ಎತ್ತಲು ಇಳಿದವರೂ ಅಲ್ಲೇ ಬೀಳುತ್ತಾರೆ. ಮುಚ್ಚಳ ತೆಗೆದು ದಿನಗಟ್ಟಲೆ ಗಾಳಿಗೆ ಬಿಟ್ಟು, ಮೇಲಿನಿಂದಲೇ ಬಕೆಟ್ಟಿನಲ್ಲೋ ಪಂಪಿನಲ್ಲೋ ತೆಗೆಸಬೇಕು. ಹತ್ತಿರದಲ್ಲಿ ಬೀಡಿ, ಬೆಂಕಿಕಡ್ಡಿ ಇರಬಾರದು.